ಕೊಂಬು

ಹಾಳೆ ಒಂದು: ಕೊಂಬು ಹದಿನಾಲ್ಕು ಮಿಲಿಮೀಟರ್.
ಹಾಳೆ ಎರಡು: ಮೂವತ್ತೊಂದು.
ಎರಡೂ ಚಿಂಚೋಳಿ ಅಡವಿಯವು, ಒಂದೇ ಜುಲೈನವು,
ಮೂವತ್ತೇಳು ವರ್ಷದಿಂದ ಬೇರೆ ಬೇರೆ ಕಪಾಟಿನಲ್ಲಿ
ಮಾತು ಬಿಟ್ಟ ದಾಯಾದಿಗಳು.

ಬಿಳಿ ದಾರದಲ್ಲಿ ಹೊಲಿದ ಕಾಂಡ,
ಚಹಾದ ಬಣ್ಣಕ್ಕೆ ತಿರುಗಿದ ಹೂವು,
ಕೆಳಗೆ ಮಾಲಿಪಾಟೀಲ ಸರ್ ಕೈಬರಹ:
ಗೊಟ್ಟಂಗೊಟ್ಟ ದಾರಿ, ಕೆಂಪು ಮುರಕಲ್ಲ ನೆಲ, ಗುಲಬರ್ಗಾ ಜಿಲ್ಲೆ.
ಮೊದಲು ಕಂಡವರು: ಹುಸೇನಪ್ಪ, ಜೀಪ್ ಡ್ರೈವರ್.

ಪಂಕ್ಚರ್ ಆದ ಗಾಲಿ ಬಿಚ್ಚಲು ಬಗ್ಗಿದವನಿಗೆ
ಹುಲ್ಲಿನೊಳಗೆ ಉದ್ದ ಕೊಂಬಿನ ಹೂವು ಕಂಡಿತಂತೆ.
ಸರ್ ಭೂತಗನ್ನಡಿ ತೆಗೆದರು, ಅಳೆದರು,
ಸೀಳಿದ ತುಟಿ, ತಿರುಚಿದ ಅಂಡಾಶಯ, ಪರಾಗದ ಜೋಡಿ ಗಂಟು,
ಹುಸೇನಪ್ಪನ ಹೆಸರಿಗೊಂದು ಲ್ಯಾಟಿನ್ ಬಾಲ ಹಚ್ಚಿ
ಹೊಸ ಪ್ರಭೇದ ಎಂದು ಜಗತ್ತಿಗೆ ಬರೆದರು.
(ಪ್ರಭೇದ ಅನ್ನುತ್ತೇನೆ. ಜಾತಿ ಎಂಬ ಪದ
ಈ ಕೋಣೆಯಾಚೆ ಬೇರೆ ಕೆಲಸದಲ್ಲಿದೆ.)

ನನ್ನದು ಪಕ್ಕದ ಲ್ಯಾಬು. ನನ್ನ ಕೆಲಸ ಎಲೆ ಅರೆಯುವುದು.
ಆರ್ಕಿಡ್ಡಿನ ಎಲೆ ಬರೀ ಲೋಳೆ,
ಬೆಂಡೆಕಾಯಿ ಹೆಚ್ಚಿದ ಕೈಯಂತೆ ಕೊಳವೆಗಳೆಲ್ಲ ಅಂಟು;
ಮೂರು ಸಲ ತೊಳೆದ ಮೇಲೆ ತಳದಲ್ಲೊಂದು ಬಿಳಿ ಎಳೆ,
ಇದೆಯೋ ಇಲ್ಲವೋ ಅನ್ನುವಷ್ಟು.
ಮೇ ತಿಂಗಳು, ಹೊರಗೆ ನಲವತ್ನಾಲ್ಕು ಡಿಗ್ರಿ.
ಕರೆಂಟು ಹೋದ ಎರಡು ತಾಸು
ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ,
ಯಾರೂ ತೆಗೆಯಬಾರದೆಂದು.

ಹೈದರಾಬಾದಿಗೆ ಕಳಿಸಿದ್ದರ ಅಕ್ಷರ ನಿನ್ನೆ ಬಂದವು.
ಆರುನೂರ ಎಂಬತ್ತೆರಡು.
ಒಂದರ ಕೆಳಗೊಂದು ಜೋಡಿಸಿ ಬೆರಳಿಟ್ಟು ಓದಿದೆ.
ಬೇರೆ ಇದ್ದದ್ದು ಎರಡು.
ಎರಡೇ.
ಅಷ್ಟು ಅಂತರ ಒಂದೇ ದಿಬ್ಬದ ಮೇಲೆ
ಅಕ್ಕಪಕ್ಕ ನಿಂತ ಗಿಡಗಳಲ್ಲೂ ಇರುತ್ತದೆ.
ಹಾಗಾದರೆ ಎರಡು ಹಾಳೆ ಒಂದೇ ಕಪಾಟಿಗೆ.
ನಿಯಮ ಸರಳ: ಮೊದಲು ಇಟ್ಟ ಹೆಸರೇ ಗಟ್ಟಿ.
ಗಿಡ್ಡ ಕೊಂಬಿನದಕ್ಕೆ ಹೆಸರಿಟ್ಟವರು
ಸರ್ ಹುಟ್ಟುವ ಮೊದಲೇ ಸತ್ತಿದ್ದರು.
ಹುಸೇನಪ್ಪ ಇನ್ನು ಸಣ್ಣ ಅಕ್ಷರದಲ್ಲಿ,
ಪರ್ಯಾಯ ನಾಮಗಳ ಸಾಲಿನಲ್ಲಿ.

ಹೊಸ ಚೀಟಿ ಬರೆಯಲು ಕೂತೆ.
ಜಿಲ್ಲೆಯ ಹೆಸರಿಗೆ ಬಂದಾಗ ಕೈ ತಾನಾಗಿ
ಅದನ್ನೂ ಜೋಡಿಸಿತು, ಚಟ:

ಕ    ಲ    ಬು    ರ    ಗಿ
ಗು    ಲ    ಬ    ರ್    ಗಾ

ಲ ಕದಲಿಲ್ಲ.
ಕ ಮೆತ್ತಗಾಗಿ ಗ.
ರ ಅರ್ಕಾವೊತ್ತಾಗಿ ಗಾ ಬೆನ್ನ ಹಿಂದೆ ನಿಂತಿತು.
ಮತ್ತೆ ಕೊಂಬು. ಅದು ಬ ಬಿಟ್ಟು ಗ ಹಿಡಿದಿತ್ತು.
ಅಷ್ಟಕ್ಕೇ ನಾವು ಸ್ಟೇಷನ್ನಿನ ಬೋರ್ಡು ಬದಲಿಸಿದೆವು,
ತೊಗರಿ ಲಾರಿಗಳು ಮಾತ್ರ ಮರುದಿನವೂ
ದಾರಿ ಕೇಳದೆ ಅದೇ ಗಂಜ್‌ಗೆ ಬಂದವು.

ಫೋನು ಮಾಡಿದೆ. ಹೇಳದೆ ಹೇಗೆ ಅಳಿಸುವುದು?
ಮೂರನೇ ಸಲಕ್ಕೆ ಎತ್ತಿದ, ಹಿಂದೆ ಆಡುಗಳ ಸದ್ದು.
ಎಲ್ಲ ಕೇಳಿಸಿಕೊಂಡು ಅಂದ:
"ಹೆಸರು ಹೋದ್ರ ಹೋಗ್ಲಿ ಮೇಡಂ. ಖರೆ, ಎರಡೂ ಒಂದೇ ಅಲ್ರಿ.
ಗಿಡ್ಡಂದು ವಾಸನಿನೇ ಇಲ್ಲ.
ಉದ್ದಂದು ರಾತ್ರಿ ಎಂಟರ ಮ್ಯಾಲ ಬರ್ತದ,
ಲವಂಗ ಜಜ್ಜಿದಂಗ. ಪತಂಗಾನೂ ಬರ್ತಾವ."
ಸರ್ ಯಾಕೆ ಬರೆಯಲಿಲ್ಲ?
"ಸರ್ ಐಬಿಯಾಗ ಮಲಗ್ತಿದ್ರು. ನಾ ಜೀಪಿನಾಗ."

ನನ್ನ ಕೋಷ್ಟಕದಲ್ಲಿ ಹದಿನೇಳು ಕಂಬಸಾಲು.
ತುಟಿಯ ಸೀಳು, ಎಲೆಯ ನರ, ಕೊಂಬು, ಅಕ್ಷರ.
ಹದಿನೆಂಟನೆಯದನ್ನು ಪೆನ್ಸಿಲ್ಲಿನಲ್ಲಿ ಎಳೆದೆ,
ತಲೆಬರಹ ಇಲ್ಲದೆ. ಜುಲೈಗೆ ಬ್ಯಾಟರಿ ಬೇಕು,
ರಾತ್ರಿ ತಂಗಲು ಅರಣ್ಯ ಇಲಾಖೆಗೆ ಅರ್ಜಿ ಬೇಕು,
ಹುಸೇನಪ್ಪನ ಮಂಡಿ ಗಟ್ಟಿ ಇರಬೇಕು.

ಬಾಗಿಲು ಹಾಕುವ ಮೊದಲು
ಹಾಳೆ ಎರಡನ್ನು ಮೂಗಿನ ಹತ್ತಿರ ಹಿಡಿದೆ.
ನುಸಿಗುಳಿಗೆ.